ಒಂದು ಒಲೆ, ಮೂರು ಅಳತೆ

ನನ್ನ ಕೆಲಸ ಏನೆಂದು ದಾವಣಗೆರೆಯಲ್ಲಿರುವ ಅಮ್ಮಿಗೆ ಅರ್ಥ ಮಾಡಿಸಲು ನಾನು ಬಹಳ ಒದ್ದಾಡಿದ್ದೇನೆ. ಮೊದಲು ಇಲ್ಲಿನ ಒಂದು ಡಚ್ ಸೂಪರ್‌ಮಾರ್ಕೆಟ್ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಯಾವ ಅಂಗಡಿಗೆ ಎಷ್ಟು ಹಾಲು, ಎಷ್ಟು ಬ್ರೆಡ್ಡು ಹೋಗಬೇಕೆಂದು ಹೇಳುವ ಸಾಫ್ಟ್‌ವೇರ್. ಅದು ಅವಳಿಗೆ ಸಲೀಸಾಗಿ ಅರ್ಥವಾಗಿತ್ತು. ಆಮೇಲೆ ಆಮ್ಸ್ಟರ್‌ಡ್ಯಾಮಿನ ಸ್ಲೋಟರ್‌ಡೈಕ್‌ನಲ್ಲಿ ಕಚೇರಿ ಇಟ್ಟುಕೊಂಡಿರುವ ಒಂದು ಪರಿಹಾರ ಸಂಸ್ಥೆಗೆ ಸೇರಿದೆ. ‘ಈಗಲೂ ಅದೇ ಕೆಲಸ ಅಮ್ಮಿ, ಅಂಗಡಿ ಬದಲು ನಿರಾಶ್ರಿತರ ಶಿಬಿರ’ ಅಂದೆ. ‘ಹಸಿದವರಿಗೆ ಹಂಚೋ ಕೆಲ್ಸ ಅನ್ನು, ಸವಾಬ್ ಸಿಗುತ್ತೆ, ಪುಣ್ಯದ ಕೆಲ್ಸ’ ಎಂದು ಖುಷಿಪಟ್ಟು ಫೋನ್ ಇಟ್ಟಳು. ಹಂಚುವ ಕೆಲಸ ಅಷ್ಟೇ ಅಲ್ಲ, ಯಾರ ಪಾಲನ್ನು ಅರ್ಧ ಮಾಡಬೇಕೆಂದು ತೀರ್ಮಾನಿಸುವ ಕೆಲಸವೂ ಹೌದು ಅಂತ ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಆ ದೇಶದ ಹೆಸರು ಇಲ್ಲಿ ಬೇಡ. ಪಕ್ಕದ ದೇಶದಲ್ಲಿ ಗುಂಡು ಹಾರತೊಡಗಿದಾಗ ಗಡಿ ದಾಟಿ ಬಂದ ಜನಕ್ಕೆ ಜಾಗ ಕೊಟ್ಟ ದೇಶ ಅದು. ಜಾಗ ಕೊಟ್ಟಿತು, ಆದರೆ ಅದರ ಹೊಟ್ಟೆಯೇ ತುಂಬಿರಲಿಲ್ಲ. ಮಳೆ ಕೈಕೊಟ್ಟಿತ್ತು, ಸಂತೆಯಲ್ಲಿ ಜೋಳ ಮುಟ್ಟುವ ಹಾಗಿರಲಿಲ್ಲ. ನಾವು ಅಲ್ಲೇ ಜೋಳ ಕೊಂಡರೆ ಸ್ಥಳೀಯರಿಗೆ ಬೆಲೆ ಇನ್ನೂ ಏರುತ್ತದೆಂದು ಹಡಗಿನಲ್ಲಿ ತರಿಸುತ್ತಿದ್ದೆವು. ಶಿಬಿರದ ಸುತ್ತಲಿನ ಹಳ್ಳಿಗಳಿಗೂ ಒಂದು ಪಾಲು ಹೋಗುತ್ತಿತ್ತು. ಹೋಗಲೇಬೇಕಿತ್ತು. ಬಂದವರಿಗೆ ಚೀಲಗಟ್ಟಲೆ ಕೊಟ್ಟು ಇದ್ದವರಿಗೆ ಬರೀ ಉಪದೇಶ ಕೊಟ್ಟರೆ ಬಾವಿಕಟ್ಟೆಯಲ್ಲಿ ಜಗಳವಾಗದೆ ಇರುತ್ತದೆಯೇ?

ಅಷ್ಟರಲ್ಲಿ ದುಡ್ಡು ಕೊಡುವ ಸರಕಾರಗಳು ಕೈ ಬಿಗಿ ಮಾಡಿದವು. ಎಲ್ಲರಿಗೂ ಪೂರ್ತಿ ಪಡಿತರ ಕೊಡುವುದು ಇನ್ನು ಆಗದ ಮಾತಾಯಿತು. ದುಡಿಯಬಲ್ಲ ದೊಡ್ಡವರು ಇರುವ ಕುಟುಂಬಕ್ಕೆ ಅರ್ಧ, ದುಡಿಯಲಾಗದವರಿಗೆ, ಒಂಟಿ ತಾಯಂದಿರಿಗೆ, ಮುದುಕರಿಗೆ ಪೂರ್ತಿ ಎಂದು ತೀರ್ಮಾನವಾಯಿತು. ಕಾಗದದ ಮೇಲೆ ನೋಡಿದರೆ ನ್ಯಾಯವಾಗಿಯೇ ಇತ್ತು. ಆದರೆ ಯಾರನ್ನು ಒಂದು ಕುಟುಂಬ ಅನ್ನುವುದು?

ಆ ಮೀಟಿಂಗು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮ್ಯಾನೇಜರ್ ಡಚ್ಚರವನು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ, ಏನನ್ನೂ ಮುಚ್ಚಿಡದೆ ಮುಖಕ್ಕೇ ಹೇಳುವ ಸ್ವಭಾವ. ಇಲ್ಲಿ ಒಂದು ಮನೆಬಾಗಿಲನ್ನು ಹಂಚಿಕೊಂಡು ಬದುಕುವವರಿಗೆ ಸರಕಾರದ ಭತ್ಯೆ ಕಡಿಮೆಯಾಗುತ್ತದೆ. ಬಾಡಿಗೆ, ಬಿಸಿನೀರು, ಅಡುಗೆ ಎಲ್ಲ ಒಟ್ಟಿಗೆ ಆದಮೇಲೆ ಖರ್ಚೂ ಕಡಿಮೆ ಅಂತ ಅವರ ವಾದ. ಆತನೂ ಅದನ್ನೇ ಹೇಳಿದ. ‘ಡೇರೆಗೆ ಬಾಗಿಲಿಲ್ಲ, ಒಲೆ ಇದೆ. ಒಲೆ ಒಂದಾದ್ರೆ ಕುಟುಂಬ ಒಂದು.’

ನಾನು ಕುರ್ಚಿಯಲ್ಲಿ ಎದ್ದು ಕೂತು ‘ಸರಿಯಾಗಿದೆ’ ಅಂದೆ. ನಮ್ಮಲ್ಲೂ ಅಣ್ಣತಮ್ಮಂದಿರು ಬೇರೆಯಾದರು ಅನ್ನಲು ಒಲೆ ಬೇರೆಯಾಯಿತು ಅನ್ನುತ್ತೇವಲ್ಲ! ನನ್ನ ದೊಡ್ಡಪ್ಪ ಚಿಕ್ಕಪ್ಪ ಒಂದೇ ಸೂರಿನಡಿ ಇದ್ದು, ರೇಷನ್ ಕಾರ್ಡ್ ಎರಡು ಮಾಡಿಸಲು ಹಜಾರದಲ್ಲಿ ಇನ್ನೊಂದು ಒಲೆ ಹೂಡಿದ್ದರು. ತಪಾಸಣೆಯವರು ಬರುವ ದಿನ ದೊಡ್ಡಮ್ಮ ಅದರ ಮೇಲೆ ಹಾಲು ಕಾಯಿಸಲು ಇಟ್ಟು, ಮುಖದಲ್ಲಿ ನಗು ತಡೆಯಲಾಗದೆ ಒಳಗೆ ಓಡಿಹೋಗಿದ್ದರು. ಇದನ್ನು ಮೀಟಿಂಗಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ‘ಜನ ಕಾರ್ಡಿಗೋಸ್ಕರ ಒಲೆ ಹೆಚ್ಚು ತೋರಿಸ್ತಾರೆ, ಅದಕ್ಕೆ ಹುಷಾರಾಗಿರಬೇಕು’ ಎಂದು ಎಚ್ಚರಿಕೆಯನ್ನೂ ಕೊಟ್ಟೆ. ಹೊಸ ಒಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಮಸಿ ಹಿಡಿದ ಕಲ್ಲು ನೋಡಿ ಎಣಿಸಬೇಕು ಅಂತ ತೀರ್ಮಾನವಾಯಿತು. ಆತನ ಮನೆಬಾಗಿಲು, ನನ್ನ ಒಲೆ, ಎರಡೂ ಸೇರಿ ನಿಯಮ ಹುಟ್ಟಿತು. ನಮ್ಮಿಬ್ಬರಿಗೂ ಅದರ ಮೇಲೆ ಬಹಳ ಅಭಿಮಾನವಿತ್ತು.

ಶಿಬಿರದಲ್ಲಿ ನಮ್ಮ ಪರವಾಗಿ ಎಲ್ಲವನ್ನೂ ನೋಡಿಕೊಳ್ಳುವವಳು ಅದೇ ದೇಶದ ರಾಜಧಾನಿಯ ಹೆಂಗಸು. ನನ್ನ ವಯಸ್ಸಿನವಳು, ನನಗಿಂತ ಜೋರು ಬಾಯಿ. ನಾವಿಬ್ಬರೂ ಒಮ್ಮೆಯೂ ಎದುರಾಬದುರು ಕೂತವರಲ್ಲ, ಆದರೂ ಎಷ್ಟೋ ಸ್ನೇಹಿತೆಯರಿಗಿಂತ ಹೆಚ್ಚು ಜಗಳವಾಡಿದ್ದೇವೆ. ಹೊಸ ನಿಯಮದ ಮೊದಲ ಹಂಚಿಕೆ ಗುರುವಾರ ಎಂದು ಗೊತ್ತಾಗಿತ್ತು. ಸೋಮವಾರ ಬೆಳಿಗ್ಗೆ ಅವಳು ವಿಡಿಯೋ ಕಾಲ್ ಮಾಡಿ, ಹಂಚಿಕೆಯ ಗೇಟು ಹೇಗೆ ಕಟ್ಟಿದ್ದಾರೆ ನೋಡು ಎಂದು ಫೋನ್ ಹಿಡಿದುಕೊಂಡು ನಡೆಯತೊಡಗಿದಳು. ಬಿದಿರಿನ ಗೇಟು, ನೆರಳಿಗೆ ಕಟ್ಟಿದ ಪ್ಲಾಸ್ಟಿಕ್ ಹೊದಿಕೆ, ನೀರಿನ ಡ್ರಮ್ಮು ಎಲ್ಲ ತೋರಿಸಿದಳು. ಅಡ್ಡದಾರಿ ಎಂದು ಡೇರೆಗಳ ನಡುವೆ ನುಗ್ಗಿದಾಗ ಒಂದು ಮಣ್ಣಿನ ಗೋಡೆಯ ಮರೆಯಲ್ಲಿ ಮೂವರು ಹೆಂಗಸರು ಒಲೆ ಮುಂದೆ ಕೂತಿದ್ದರು.

ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು. ವಯಸ್ಸಾದವಳು ತನ್ನ ಡಬ್ಬಿಯಿಂದ ಜೋಳದ ಹಿಟ್ಟನ್ನು ಒಂದು ತಗಡಿನ ಲೋಟಕ್ಕೆ ತುಂಬಿ, ಬಾಯಿಯ ಮೇಲೆ ಅಂಗೈ ಸವರಿ ಮಟ್ಟ ಮಾಡಿ ಪಾತ್ರೆಗೆ ಸುರಿದಳು. ಆಮೇಲೆ ಎರಡನೆಯವಳು ತನ್ನ ಡಬ್ಬಿ ತೆಗೆದು ಅದೇ ಲೋಟಕ್ಕೆ ತುಂಬಿ, ಅದೇ ರೀತಿ ಅಂಗೈ ಸವರಿದಳು. ಮೂರನೆಯವಳ ಎರಡೂ ತೊಡೆಯ ಮೇಲೆ ಒಂದೊಂದು ಕೂಸಿತ್ತು, ಅವಳಿ ಮಕ್ಕಳು. ಅವಳು ಒಂದು ಕೂಸನ್ನು ಪಕ್ಕದವಳ ಕೈಗೆ ಕೊಟ್ಟು ತನ್ನ ಹಿಟ್ಟನ್ನು ಅಳೆದಳು. ಸವರಿದಾಗ ಉದುರಿದ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ತನ್ನ ಡಬ್ಬಿಗೇ ವಾಪಸು ಹಾಕಿಕೊಂಡಳು.

‘ನಿಲ್ಲು, ನಿಲ್ಲು. ವಾಪಸ್ ಹೋಗು’ ಎಂದು ಕಿರುಚಿದೆ. ಪಕ್ಕದ ಮೇಜಿನವನು ಕಾಫಿ ಚೆಲ್ಲಿಕೊಂಡ.

ದಾವಣಗೆರೆಯಲ್ಲಿ ನಮ್ಮದು ವಠಾರದ ಮನೆ. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಪಕ್ಕದ ಮನೆಯ ಅಕ್ಕ ಸಕ್ಕರೆ ಕಡ ಕೇಳಲು ಬಂದರೆ ಅಮ್ಮಿ ಲೋಟ ತುಂಬಿ, ಅಂಗೈ ಸವರಿ ಮಟ್ಟ ಮಾಡಿ ಕೊಡುತ್ತಿದ್ದಳು. ಅಕ್ಕನೂ ಹಾಗೇ ಮಟ್ಟ ಮಾಡಿ ವಾಪಸು ತರುತ್ತಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ, ಆದರೂ ಅಳತೆ ಅಂದರೆ ಅಳತೆ. ನಮ್ಮ ಮನೆಯ ಅಡುಗೆಗೆ ಮಾತ್ರ ಅಮ್ಮಿ ಯಾವತ್ತೂ ಹಿಟ್ಟು ಮಟ್ಟ ಮಾಡಿ ಹಾಕಿದ್ದನ್ನು ನಾನು ಕಂಡಿಲ್ಲ. ಬೊಗಸೆಯಲ್ಲಿ ತೆಗೆದು ಸುರಿಯುವುದು, ಸಾಲದಿದ್ದರೆ ಇನ್ನಷ್ಟು. ಒಂದೇ ಮನೆಯವರು ಒಬ್ಬರಿಗೊಬ್ಬರು ಹಿಟ್ಟು ಅಳೆದು ಕೊಡುವುದಿಲ್ಲ. ಆ ಮೂವರು ಒಂದು ಕುಟುಂಬವಾಗಿರಲು ಸಾಧ್ಯವೇ ಇರಲಿಲ್ಲ.

‘ಕೇಳು ಅವರನ್ನ’ ಅಂದೆ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಶಿಬಿರದ ಆ ಮೂಲೆಯಲ್ಲಿ ಕಟ್ಟಿಗೆ ಮುಗಿದು ಹೋಗಿತ್ತಂತೆ. ತರಬೇಕೆಂದರೆ ಬಹಳ ದೂರ ಹೋಗಬೇಕು, ಒಂಟಿಯಾಗಿ ಹೋದ ಹೆಂಗಸರಿಗೆ ದಾರಿಯಲ್ಲಿ ಕಾಟ. ಅದಕ್ಕೆ ಮೂರು ಡೇರೆಯವರು ಸೇರಿ ಒಂದೇ ಒಲೆ ಮಾಡಿಕೊಂಡಿದ್ದರು. ಒಬ್ಬಳು ಗುಂಪಿನ ಜೊತೆ ಕಟ್ಟಿಗೆಗೆ, ಒಬ್ಬಳು ನೀರಿನ ಸಾಲಿಗೆ, ಒಬ್ಬಳು ಮಕ್ಕಳ ಜೊತೆ. ಒಬ್ಬರಿಗೊಬ್ಬರು ನೆಂಟರಲ್ಲ, ಒಂದೇ ಊರಿನವರೂ ಅಲ್ಲ. ಅವಳಿ ಮಕ್ಕಳ ತಾಯಿಯ ಗಂಡ ಗಡಿಯಾಚೆ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ನಮ್ಮ ನಿಯಮದ ಕಣ್ಣಿಗೆ ಮಾತ್ರ ಅವರು ಒಂದು ದೊಡ್ಡ ಕುಟುಂಬ. ಅದರಲ್ಲಿ ಕಟ್ಟಿಗೆ ತರುವವಳು ಗಟ್ಟಿಮುಟ್ಟಾದ ಹೆಂಗಸು, ಕೂಲಿ ಮಾಡಬಲ್ಲಳು, ಆದ್ದರಿಂದ ಎಲ್ಲರಿಗೂ ಅರ್ಧ ಪಡಿತರ. ಆ ತಾಯಿ ತನ್ನ ಡೇರೆಯ ಮುಂದೆ ತಾನೇ ಮೂರು ಕಲ್ಲು ಹೂಡಿಕೊಂಡಿದ್ದರೆ ಅವಳಿಗೆ ಪೂರ್ತಿ ಸಿಗುತ್ತಿತ್ತು. ಅರ್ಧ ಹೊಟ್ಟೆಯಲ್ಲಿದ್ದು ಎರಡು ಕೂಸಿಗೆ ಹಾಲೂಡುವುದು ಹೇಗೆ? ಈಗಲೇ ಒಂದು ಮಗು ಅಳಲೂ ಶಕ್ತಿಯಿಲ್ಲದೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿತ್ತು. ದಾವಣಗೆರೆಯ ಮೋಸ ಹಿಡಿಯಲು ನಾನು ಬಲೆ ಹೆಣೆದಿದ್ದೆ, ಸಿಕ್ಕಿಬಿದ್ದವರು ಕಟ್ಟಿಗೆ ಉಳಿಸಲು ಒಂದಾದವರು.

‘ನಿಂಗೆ ಮೊದಲೇ ಗೊತ್ತಾಗಲಿಲ್ವಾ?’ ಎಂದು ಅವಳ ಮೇಲೆ ರೇಗಿದೆ.

‘ಒಲೆ ಎಣಿಸಿ ಅಂದ್ರಿ, ಎಣಿಸಿದ್ವಿ. ಮಸಿ ನೋಡಿ ಅಂದ್ರಿ, ಮಸಿನೂ ನೋಡಿದ್ವಿ’ ಅಂದಳು. ‘ನಮ್ಮನೇಲಿ ಗ್ಯಾಸು. ನಂಗೇನು ಗೊತ್ತು ಕಟ್ಟಿಗೆ ಒಲೆ ವಿಷಯ? ನಿಂಗೆ ಗೊತ್ತು ಅಂತ ಅಲ್ವಾ ನಿಯಮ ನೀನು ಮಾಡಿದ್ದು?’ ಅಂಥ ಹಂಚಿಕೊಂಡ ಒಲೆಗಳು ಆ ಮೂಲೆಯಲ್ಲಿ ಎಷ್ಟಿವೆ ಎಂದು ಕೇಳಿದೆ. ಅವಳು ಫೋನನ್ನು ಸುತ್ತ ತಿರುಗಿಸಿದಳು. ಹೊಗೆ ಅಲ್ಲೊಂದು ಇಲ್ಲೊಂದು ಏಳುತ್ತಿತ್ತು, ಡೇರೆಗಳು ಕಣ್ಣು ಹಾಯುವಷ್ಟು ದೂರ ಇದ್ದವು.

ಮ್ಯಾನೇಜರ್ ಕ್ಯಾಂಟೀನಿನಲ್ಲಿ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಡಚ್ಚರು ಊಟ ಮಾಡುವಾಗ ಕೆಲಸದ ಮಾತು ತೆಗೆಯಬಾರದು ಎಂಬುದು ನನಗೆ ಗೊತ್ತು. ತೆಗೆದೆ. ಆತ ಪೂರ್ತಿ ಕೇಳಿಸಿಕೊಂಡು, ಬಾಯಿ ಒರೆಸಿಕೊಂಡು ಹೇಳಿದ.

‘ನೀನು ಹೇಳೋದು ಸರಿ ಇರಬಹುದು. ಆದ್ರೆ ಈಗ ನಿಯಮ ಬದಲಿಸಿದ್ರೆ ಕಾರ್ಡ್ ಎಲ್ಲ ಹೊಸದಾಗಿ ಮಾಡಬೇಕು. ಹಂಚಿಕೆ ಮುಂದಕ್ಕೆ ಹೋಗುತ್ತೆ. ಹೋದ ಸಲದ ಜೋಳ ಜನರ ಹತ್ರ ಮುಗೀತಾ ಬಂದಿದೆ. ತಡ ಆದ್ರೆ ಇಡೀ ಶಿಬಿರ ಉಪವಾಸ. ಮುಂದಿನ ಸಲ ಸರಿ ಮಾಡೋಣ.’

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತಂದದ್ದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ‘ಮುಂದಿನ ಸಲಕ್ಕೆ ಆ ಮಕ್ಕಳು ಇರಬೇಕಲ್ಲ!’ ಅಂದೆ. ಕ್ಯಾಂಟೀನಿನಲ್ಲಿ ತಲೆಗಳು ತಿರುಗಿದವು. ಆಮೇಲೆ ದನಿ ತಗ್ಗಿಸಿ, ‘ಒಂದು ಒಲೆ ಹಂಚಿಕೊಂಡವರೆಲ್ಲ ಒಂದೇ ಕುಟುಂಬನಾ? ನೀವು ಯಾವತ್ತೂ ಬೇರೆಯವರ ಜೊತೆ ಒಲೆ ಹಂಚಿಕೊಂಡಿಲ್ವಾ?’ ಅಂತ ಕೇಳಿದೆ. ಇಲ್ಲ ಅನ್ನುತ್ತಾನೆ, ಇನ್ನೊಂದು ಏಟು ಹಾಕೋಣ ಅಂತ ಕಾಯುತ್ತಿದ್ದೆ.

ಆತ ಸ್ಯಾಂಡ್‌ವಿಚ್ ಕೆಳಗಿಟ್ಟ. ಓದುವಾಗ ಊಟ್ರೆಕ್ಟಿನ ಒಂದು ಹಳೆಯ ಮನೆಯಲ್ಲಿ ಹುಡುಗರೆಲ್ಲ ಸೇರಿ ಬಾಡಿಗೆಗೆ ಇದ್ದರಂತೆ. ಒಂದೇ ಒಲೆ, ಒಂದೇ ಫ್ರಿಜ್ಜು. ‘ಹಾಲಿನ ಬಾಟಲಿ ಮೇಲೆ ಪೆನ್ನಲ್ಲಿ ಗೆರೆ ಹಾಕಿ ಇಡ್ತಿದ್ದೆ, ಬೇರೆಯವರು ಕುಡಿದ್ರೆ ಗೊತ್ತಾಗಲಿ ಅಂತ’ ಅಂದ.

‘ಹಾಗಾದ್ರೆ ನೀವೆಲ್ಲ ಒಂದು ಕುಟುಂಬ ಆಗಿದ್ರಿ.’

‘ದೇವರಾಣೆ ಅಲ್ಲ’ ಎಂದು ಬಾಯಿ ತಪ್ಪಿ ಹೇಳಿದವನು ತಾನೇ ನಕ್ಕುಬಿಟ್ಟ. ನಂತರ ಕೇಳಿದ್ದು ಒಂದೇ ಪ್ರಶ್ನೆ: ‘ದಿನಾಂಕ ಬದಲಿಸದೆ ಮಾಡೋಕಾಗುತ್ತಾ?’ ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿದದ್ದು ಆಗ.

ಇಡೀ ಶಿಬಿರವನ್ನು ಮತ್ತೆ ಎಣಿಸುವ ಅಗತ್ಯ ಇರಲಿಲ್ಲ. ಕಟ್ಟಿಗೆ ಮುಗಿದ ಆ ಮೂಲೆಯಲ್ಲಿ ದೊಡ್ಡ ಕುಟುಂಬ ಎಂದು ಬರೆದುಕೊಂಡ ಒಲೆಗಳಿಗೆ ಮಾತ್ರ ಹೋಗಿ, ಅಲ್ಲಿ ಯಾರು ಯಾರು ಹಿಟ್ಟನ್ನು ಬೇರೆ ಅಳೆಯುತ್ತಾರೆ ಎಂದು ನೋಡಿಕೊಂಡು ಬಂದರೆ ಸಾಕಿತ್ತು. ಒಳಗೊಳಗೇ ನನ್ನ ದೊಡ್ಡಮ್ಮನ ಹಾಲಿನ ಪಾತ್ರೆ ಕಾಡುತ್ತಲೇ ಇತ್ತು. ಮುಂಚೆಯೇ ಹೇಳಿ ಹೋದರೆ ಎಲ್ಲರೂ ಒಂದೊಂದು ಡಬ್ಬಿ ಹಿಡಿದು ನಿಲ್ಲುತ್ತಾರೆ ಅಂದೆ. ಶಿಬಿರದ ಗೆಳತಿ ಫೋನಿನಲ್ಲೇ ನಕ್ಕಳು. ‘ನಿಮ್ಮೂರಿನವರನ್ನ ಒಂದ್ಸಲ ನೋಡಬೇಕು ಮಾರಾಯ್ತಿ. ಅಡುಗೆ ಹೊತ್ತಿಗೆ ಹೇಳದೆ ಹೋಗ್ತೀವಿ, ಸಾಕಾ?’ ಅಂದಳು. ಮ್ಯಾನೇಜರ್ ದುಡ್ಡು ಕೊಡುವವರ ಹೇಗ್ ನಗರದ ಕಚೇರಿಗೆ ತಾನೇ ಫೋನ್ ಮಾಡಿದ. ಗಾಜಿನ ಕೋಣೆಯ ಆಚೆಯಿಂದ ನನಗೆ ಮಾತು ಕೇಳುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಆ ಕೈ ಗಾಳಿಯಲ್ಲಿ ಒಂದು ಲೋಟ ಹಿಡಿದು, ಅದರ ಬಾಯಿಯ ಮೇಲೆ ಇನ್ನೊಂದು ಅಂಗೈ ಸವರಿತು. ಹೊರಗೆ ಬಂದು ಹೆಬ್ಬೆರಳು ಎತ್ತಿದಾಗ ನನಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಷ್ಟು ಉದ್ದದ ಮನುಷ್ಯನನ್ನು ಅಪ್ಪಿಕೊಳ್ಳುವುದು ಹೇಗೆಂದು ತಿಳಿಯದೆ ಥ್ಯಾಂಕ್ಸ್ ಹೇಳಿ ಸುಮ್ಮನಾದೆ.

ನಾವಿರುವುದು ಬೆಸ್ಟ್ ಎಂಬ ಸಣ್ಣ ಊರಿನಲ್ಲಿ. ನನ್ನ ಗಂಡನಿಗೆ ಪಕ್ಕದ ಐಂಡ್‌ಹೋವನ್‌ನಲ್ಲಿ ಕೆಲಸ. ಆ ಎರಡು ದಿನ ಮನೆಯಲ್ಲಿ ಅಡುಗೆ ಅವರದ್ದೇ. ನಾನು ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಊಟ ಮಾಡಿದೆ. ಫೋನ್ ಮೇಜಿನ ಮೇಲಿದ್ದರೆ ಮಗಳು ಬಾಯಿಗೆ ಬಂದಂತೆ ಡಚ್ಚಿನಲ್ಲಿ ಬೈಯುತ್ತಾಳೆ, ಈ ಸಲ ಅವಳೂ ಸುಮ್ಮನಿದ್ದಳು. ಮಂಗಳವಾರ ಅರ್ಧ ಮೂಲೆ ಮುಗಿಯಿತೆಂದು ಸುದ್ದಿ ಬಂತು. ಬುಧವಾರ ಪೂರ್ತಿ ಮುಗಿದು, ಹೊಸ ಕಾರ್ಡುಗಳು ಕೈಗೆ ಬಂದವು. ಡಬ್ಬಿ ಹಿಡಿದು ಆಟ ಕಟ್ಟಿದವರು ಇರಲೇ ಇಲ್ಲವೇ? ಇದ್ದರಂತೆ, ಬೆರಳೆಣಿಕೆಯಷ್ಟು. ‘ಒಬ್ಬ ಮುದುಕ ತನ್ನ ಹೆಂಡ್ತಿ ಬೇರೆ, ತಾನು ಬೇರೆ ಅಂದ. ಹೆಂಡ್ತಿ ಸೌಟು ತಗೊಂಡು ಅಟ್ಟಿಸ್ಕೊಂಡು ಹೋದಳು’ ಎಂದು ಗೆಳತಿ ಹೇಳಿದಾಗ ನಾನು ಊಟ ಬಿಟ್ಟು ನಕ್ಕೆ. ‘ಹುವಾ ಕ್ಯಾ ಕಾಮ್?’ ಎಂದು ಗಂಡ ದಖನಿಯಲ್ಲಿ ಕೇಳಿದರು. ಕೆಲಸ ಆಯಿತೇ ಎಂದರೆ ಏನು ಹೇಳುವುದು? ಚೀಲ ಕೈಗೆ ಬರುವವರೆಗೆ ಯಾವುದೂ ಆದ ಹಾಗಲ್ಲ ಅಂದೆ.

ಗುರುವಾರ ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರವಾಗಿತ್ತು. ಲಾರಿಗಳು ಬಂದವು, ಗೇಟು ತೆರೆಯಿತು, ಸಾಲು ನಿಂತಿತು. ಆಮೇಲೆ ಮೆಸೇಜು ನಿಂತುಹೋಯಿತು. ನೆಟ್‌ವರ್ಕ್ ಇಲ್ಲದಿರಬಹುದು ಎಂದು ಮ್ಯಾನೇಜರ್ ಸಮಾಧಾನ ಹೇಳಿದ, ಹೇಳುತ್ತಾ ತಾನೇ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದ. ಅರ್ಧವೇ ಸಿಕ್ಕಿತೆಂದು ಯಾರೋ ಗಲಾಟೆ ಎಬ್ಬಿಸಿದರೇ? ಹಳ್ಳಿಯವರ ಪಾಲು ಕಡಿಮೆ ಬಿದ್ದು ಲಾರಿಗೆ ಕಲ್ಲು ಬಿತ್ತೇ? ಹಳೆಯ ಕಾರ್ಡು ಹೊಸ ಕಾರ್ಡು ಕಲೆಸಿಹೋಗಿ ಆ ತಾಯಿಯನ್ನು ಸಾಲಿನಿಂದ ಆಚೆ ಕಳಿಸಿದರೇ? ಹೀಗೆ ಒಂದಾದ ಮೇಲೊಂದು ಕೆಟ್ಟದ್ದನ್ನೇ ಕಲ್ಪಿಸಿಕೊಂಡು, ಕೊನೆಗೆ ಕಚೇರಿಯಲ್ಲಿ ಕೂರಲಾಗದೆ ರೈಲು ಹತ್ತಿದೆ.

ಸಿಕ್ಕ ಸೀಟಿನಲ್ಲಿ ಕೂತೆ. ಅದು ಮಾತಾಡಬಾರದ ಬೋಗಿ. ಕಿಟಕಿ ಗಾಜಿನ ಮೇಲೆ ‘ಸ್ಟಿಲ್ಟೆ’ ಅಂದರೆ ಮೌನ ಎಂದು ಬರೆದಿರುತ್ತದೆ, ಇಲ್ಲಿನವರು ಅದನ್ನು ವ್ರತದಂತೆ ಪಾಲಿಸುತ್ತಾರೆ. ಊಟ್ರೆಕ್ಟ್ ದಾಟಿದ ಮೇಲೆ ಫೋನ್ ರಿಂಗಾಯಿತು. ಎತ್ತಿದೆ. ಹಿನ್ನೆಲೆಯಲ್ಲಿ ಜನರ ಗದ್ದಲ, ಯಾವುದೋ ಕತ್ತೆಯ ಕೂಗು.

‘ಟವರ್ ಕೆಟ್ಟಿತ್ತು, ಬೈಬೇಡ’ ಎಂದು ಅವಳೇ ಮೊದಲು ಅಂದಳು. ‘ಎಲ್ಲ ಮುಗೀತು. ಹಳ್ಳಿಯವರ ಪಾಲೂ ಕೊಟ್ವಿ. ಗಲಾಟೆ ಇಲ್ಲ.’

‘ಅವಳಿಗೆ?’

‘ಯಾರಿಗೆ?’ ಅಂತ ಕೇಳಿದಳು, ಬೇಕೆಂದೇ. ನಾನು ಹಲ್ಲು ಕಡಿದದ್ದು ಅವಳಿಗೆ ಕೇಳಿಸಿರಬೇಕು. ‘ಸಿಕ್ತು. ಪೂರ್ತಿ. ಅಜ್ಜಿಗೂ ಪೂರ್ತಿ. ಕಟ್ಟಿಗೆ ತರೋಳಿಗೆ ಮಾತ್ರ ಅರ್ಧ, ಅವಳು ಅದಕ್ಕೇನೂ ಅನ್ನಲಿಲ್ಲ. ಮೂವರದ್ದೂ ಬೇರೆ ಬೇರೆ ಕಾರ್ಡ್.’

ನನಗೆ ಅಳು ಬಂತು. ಎದುರು ಸೀಟಿನ ಅಜ್ಜಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟು ಗಾಜಿನ ಕಡೆ ತೋರಿಸಿದಳು. ಆಮೇಲೆ ನನ್ನ ಮುಖ ನೋಡಿ ಬೆರಳು ತೆಗೆದಳು, ಚೀಲದಿಂದ ಟಿಶ್ಯೂ ಕೊಟ್ಟಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದೆ: ‘ಈಗ ಎಲ್ಲಿದಾಳೆ? ಡೇರೆಗೆ ಹೋದ್ಲಾ?’

‘ಇಲ್ಲ, ಇಲ್ಲೇ ಗೇಟಿನ ಹತ್ರ. ಕತ್ತೆಗಾಡಿ ಬರಲಿ ಅಂತ ಚೀಲಕ್ಕೆ ಒರಗಿ ಕೂತೋಳು ಹಾಗೇ ನಿದ್ದೆ ಹೋಗಿದಾಳೆ. ಎರಡೂ ಮಕ್ಕಳು ಅವಳ ಎದೆ ಮೇಲೆ. ಗಾಡಿ ಬಂದು ನಿಂತಿದೆ.’

‘ಎಬ್ಬಿಸ್ಲಿಲ್ವಾ?’

‘ಹೇಗೆ ಎಬ್ಬಿಸಲಿ?’ ಅವಳ ಜೋರು ಬಾಯಿ ಒಮ್ಮೆಲೇ ಮೆತ್ತಗಾಗಿತ್ತು. ‘ಈ ಗೇಟಿನ ಹತ್ರ ಚೀಲ ಇಟ್ಕೊಂಡು ಯಾರೂ ಕಣ್ಣು ಮುಚ್ಚೋದನ್ನ ನಾನು ಈವರೆಗೆ ನೋಡಿಲ್ಲ. ಯಾರಾದ್ರೂ ಎತ್ಕೊಂಡು ಹೋದ್ರೆ ಅನ್ನೋ ಭಯ. ಆದ್ರೆ ಇವಳು ಮಲಗಿದಾಳೆ. ಅಜ್ಜಿ ಒಂದು ಕಡೆ, ಕಟ್ಟಿಗೆಯೋಳು ಒಂದು ಕಡೆ ಕಾವಲು ನಿಂತಿದಾರೆ. ಗಾಡಿಯೋನೂ ಕಾಯ್ತಿದಾನೆ. ನಾನೂ ಇಲ್ಲೇ ನಿಂತಿದೀನಿ.’

ಇಬ್ಬರೂ ಫೋನ್ ಇಡಲಿಲ್ಲ. ಬೆಸ್ಟ್‌ಗೆ ಹೋಗಲು ನಾನು ಡೆನ್ ಬಾಸ್‌ನಲ್ಲಿ ಇಳಿದು ಸಣ್ಣ ರೈಲು ಹಿಡಿಯಬೇಕು. ಡೆನ್ ಬಾಸ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತೇ ಇದ್ದೆ. ಆ ತಾಯಿ ಇನ್ನೂ ನಿದ್ದೆಯಿಂದ ಎದ್ದಿರಲಿಲ್ಲ.